ಮಲಗಿಸಿದ ಕೆಂಡ

ಕೊನೆಯ ನೆಂಟರು ಹಿಂದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ಸೂಡಿ ಊರಿನ ಆ ಮನೆಯಲ್ಲಿ, ಸಾವಾದ ಮೇಲೆ ಮೊದಲ ಬಾರಿಗೆ, ಬೆಳಿಗ್ಗೆ ಯಾರೂ ಅಳಲಿಲ್ಲ.

ಅತ್ತೆ ಅಡಿವೆವ್ವ ರೊಟ್ಟಿ ಬಡಿಯುತ್ತಿದ್ದಳು. ಬೀದಿಯಲ್ಲಿ ಹಾಲಿನವನ ಗಾಡಿ ಹಾರ್ನ್ ಹೊಡೆದು ಮುಂದೆ ಹೋಯಿತು. ಎಲ್ಲವೂ ಎಂದಿನಂತೆ ನಡೆದಿತ್ತು... ಅನಿತಾಳಿಗೆ ಭಯ ಹುಟ್ಟಿಸಿದ್ದೇ ಅದು.

ಮನುಷ್ಯ ಹೋದ ಮೇಲೂ ರೊಟ್ಟಿ ಹೀಗೇ ಉಬ್ಬುತ್ತದೆಯೇ?

ಕೊಡ ಹಿಡಿದು ಹಿತ್ತಲಿಗೆ ಹೋದಳು. ಗೋಡೆಯ ಮೂಲೆಯಲ್ಲಿ ಅದು ಬೋರಲಾಗಿ ಬಿದ್ದಿತ್ತು. ಕಬ್ಬಿಣದ ಸಿಗಡಿ, ಇದ್ದಿಲ ಒಲೆ. ತೊಟ್ಟಿಯಂಥ ಉದ್ದನೆಯ ಹೊಟ್ಟೆ, ಎರಡು ಹಿಡಿಕೆ, ನಾಲ್ಕು ಕಾಲು. ಕಾಲು ಮೇಲೆ ಮಾಡಿ ಬಿದ್ದ ಅದು ಸತ್ತ ದನದ ಹಾಗೆ ಕಾಣುತ್ತಿತ್ತು. ಮನೆಯಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ.

ಅವಳ ಗಂಡ ದ್ಯಾಮೇಶ ಹೊಲದ ತಗಡಿನ ಶೆಡ್ಡಿನಲ್ಲಿ, ಉಳ್ಳಾಗಡ್ಡಿ ರಾಶಿ ಕಾಯಲು ಮಲಗಿದವನು ಎದ್ದಿರಲಿಲ್ಲ. ಮೈಮೇಲೆ ಗಾಯವಿರಲಿಲ್ಲ. ಮುಚ್ಚಿದ ಬಾಗಿಲು, ಮಗ್ಗುಲಲ್ಲಿ ಈ ಸಿಗಡಿ. "ಕೆಂಡದ ವಿಷಗಾಳಿ," ಎಂದಿದ್ದರು ಡಾಕ್ಟರು. "ಹೊಗಿ ಕಾಣಂಗಿಲ್ಲ, ವಾಸನಿ ಬರಂಗಿಲ್ಲ. ನಿದ್ದಿ ಬರ್ತೈತಿ, ಅಷ್ಟ."

ಊರಿಗೆ ಆ ಉತ್ತರ ಸಾಕಾಗಿತ್ತು. ಅನಿತಾಳಿಗೆ ಸಾಕಾಗಿರಲಿಲ್ಲ.

ಆ ಸಂಜೆ ದ್ಯಾಮೇಶ ಅವಳಿಗೆ ಫೋನ್ ಮಾಡಿದ್ದ. ಅವಳು ನರಗುಂದದಲ್ಲಿದ್ದಳು. ಧಾರವಾಡದಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಕೂತವಳಿಗೆ ಅಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು, ಬಾಡಿಗೆಯ ಕೋಣೆ ಹಿಡಿದಿದ್ದಳು. ಅವನಿಗೆ ಅದು ಸರಿಬಂದಿರಲಿಲ್ಲ. ಮಾತಿಗೆ ಮಾತು ಬೆಳೆದಿತ್ತು.

"ನೀ ಇಲ್ಲದ ಮನ್ಯಾಗ ನಂಗ ಉಸಿರು ಕಟ್ಟತೈತಿ, ಅನಿತಾ."

"ಕಟ್ಟಿದ್ರ ಕಟ್ಟಲಿ ಬಿಡ್ರಿ," ಎಂದು ಅವಳು ಫೋನ್ ಇಟ್ಟಿದ್ದಳು.

ಬೆಳಗಾಗುವಷ್ಟರಲ್ಲಿ ಕಟ್ಟಿತ್ತು.

ಅವನೇ ಬಾಗಿಲು ಹಾಕಿಕೊಂಡನೇ? ಗೊತ್ತಿದ್ದೂ...? ಈ ಪ್ರಶ್ನೆಯನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಕೇಳಿರಲಿಲ್ಲ. ಅದು ಎದೆಯಲ್ಲಿ ಬಂದು ಕೂತ ದಿನದಿಂದ ಅಳು ನಿಂತಿತ್ತು. ಹಸಿವೂ ನಿಂತಿತ್ತು.

"ದೊಡ್ಡವ್ವಾ... ಒಳಗ ಅದೀರೇನ್ರಿ?"

ಹಿತ್ತಲ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಎತ್ತರದ ಆಳು, ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳು. ಅವಳನ್ನು ಕಂಡು ತಲೆ ತಗ್ಗಿಸಿ, ಅತ್ತಿಗೆಯನ್ನು ಕರೆಯುವಂತೆ ಕರೆದ.

"ವೈನೀ, ನಾ ಪ್ರಬುದ್ಧ. ದ್ಯಾಮೇಶನ ಗೆಳೆಯ. ಗಡದಿಂದ ಬಂದೀನಿ."

ಹೆಸರು ಕೇಳಿ ಗೊತ್ತಿತ್ತು, ಮುಖ ನೋಡಿರಲಿಲ್ಲ. ಗಜೇಂದ್ರಗಡದ ನೇಕಾರರ ಮನೆಯ ಮಗ. ವರ್ಷಗಟ್ಟಲೆ ಗೋವಾದ ಹೋಟೆಲುಗಳಲ್ಲಿ ಕೆಂಡದ ಮುಂದೆ ನಿಂತು ದುಡಿದು ಬಂದವನು. ಈಗ ಗುಡ್ಡದ ರಸ್ತೆಯಲ್ಲಿ ಸಂಜೆ ಹೊತ್ತು ಕೋಳಿ, ಪನೀರು ಸುಟ್ಟು ಮಾರುತ್ತಿದ್ದ. ಸಿಗಡಿ ಅವನದು. ದ್ಯಾಮೇಶ ಕಡ ಪಡೆದಿದ್ದ.

"ಇದನ್ನ ಒಯ್ತೀನ್ರಿ. ನಿಮ್ಮ ಕಣ್ಣ ಮುಂದ ಇರೋದು ಬ್ಯಾಡ."

"ಒಯ್ಯಪಾ, ಲಗೂನ ಒಯ್ಯಿ," ಅಡಿವೆವ್ವ ಒಲೆಯ ಮುಂದಿನಿಂದಲೇ ಹೇಳಿದಳು. "ಒಬ್ಬನ್ನ ತಿಂದೈತಿ ಅದು. ಇನ್ನೊಬ್ಬರ ಹಾದಿ ನೋಡಾಕತ್ತೈತಿ."

ಪ್ರಬುದ್ಧ ಬಗ್ಗಿ ಒಂದು ಹಿಡಿಕೆ ಹಿಡಿದ. ಅನಿತಾ ಇನ್ನೊಂದನ್ನು ಹಿಡಿದಳು. ಇಬ್ಬರ ನಡುವೆ ಕಬ್ಬಿಣ ಕಿರ್ರೆಂದಿತು.

"ಅವತ್ತು ಸಂಜಿ ಹೊಲಕ್ಕ ಇದನ್ನ ತಂದುಕೊಟ್ಟವರು ನೀವೇನು?"

"ಹೌದ್ರಿ."

"ಅವಾಗ ಅವರು ಏನಂದ್ರು?"

ಅವನ ಮುಖದ ಬಣ್ಣ ಇಳಿಯಿತು.

"ಏನಿಲ್ರಿ ವೈನಿ. ಏನೂ ಅನ್ನಲಿಲ್ಲ."

ಸುಳ್ಳು. ಅನಿತಾಳಿಗೆ ಅಷ್ಟು ಸ್ಪಷ್ಟವಾಗಿ ಆ ದಿನಗಳಲ್ಲಿ ಬೇರೇನೂ ಕಂಡಿರಲಿಲ್ಲ. ಇವನಿಗೆ ಗೊತ್ತಿದೆ... ಇವನು ಮುಚ್ಚಿಡುತ್ತಿದ್ದಾನೆ.

"ಇದನ್ನ ಹ್ಯಾಂಗ ಹೊತ್ತಸ್ತಾರ, ಹ್ಯಾಂಗ ಇದರ ಮ್ಯಾಲ ಸುಡ್ತಾರ, ನಂಗ ಕಲಸ್ರಿ," ಎಂದಳು. "ಆಮ್ಯಾಲ ನಾನ ತಂದು ವಾಪಸ್ ಕೊಡ್ತೀನಿ."

"ನಿಮಗ್ಯಾಕ ಬೇಕ್ರಿ ಇದು?"

"ನನ್ನ ಗಂಡನ್ನ ಒಯ್ದದ್ದು ಎಂಥಾದ್ದು ಅಂತ ನಂಗ ತಿಳೀಬೇಕು."

ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. ನೋಡಿದವನು ಹಿಡಿಕೆ ಬಿಟ್ಟ.

* * *

ಅವನು ಬಂದದ್ದು ಚಳಿ ಬಿದ್ದ ಮೇಲೆ, ಒಂದು ಭಾನುವಾರ. ಹೊಲದ ಬಯಲಲ್ಲಿ, ಶೆಡ್ಡಿನಿಂದ ದೂರಕ್ಕೆ ಸಿಗಡಿ ಒಯ್ದು ಇಟ್ಟ. ಅಡಿವೆವ್ವ ಜೊತೆಗೆ ಬಂದಳು. ಸೊಸೆಯನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ, ಆ ಕಬ್ಬಿಣವನ್ನು ನೋಡುವಂತೆಯೂ ಇರಲಿಲ್ಲ. ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತು ತೊಗರಿಕಾಯಿ ಬಿಡಿಸತೊಡಗಿದಳು.

"ಮೊದಲ ಮಾತು," ಎಂದ ಪ್ರಬುದ್ಧ. "ಒಳಗ ಕೆಂಡ ಇರೋ ತನಕ ಇದು ಆಕಾಶದ ಕೆಳಗ ಇರಬೇಕು. ಸೂರಿನ ಕೆಳಗ ಅಲ್ಲ."

ಹೇಳುವಾಗ ಅವನ ದನಿ ಒಡೆಯಿತು. ಅನಿತಾ ಅದನ್ನೂ ನೆನಪಿಟ್ಟುಕೊಂಡಳು.

ಇದ್ದಿಲನ್ನು ತೊಟ್ಟಿಯ ಒಂದೇ ಬದಿಗೆ ಗುಡ್ಡೆ ಹಾಕಿಸಿದ. ಇನ್ನೊಂದು ಬದಿ ಖಾಲಿ.

"ಪೂರಾ ಯಾಕ ತುಂಬಬಾರದು?"

"ಉರಿ ಎದ್ದಾಗ ಬದನಿಕಾಯಿಗೆ ಓಡಾಕ ಜಾಗ ಬೇಕಲ್ರಿ. ಹೊತ್ತಾಕತ್ತಿತು ಅಂದ್ರ ಈ ಕಡೆ ಜರಗಸಬೇಕು. ಹೊಸದಾಗಿ ಕಲಿಯವರು ಎಲ್ಲಾರೂ ತುಂಬತಾರ. ಮ್ಯಾಲ ಕರಕಲು, ಒಳಗ ಹಸೀದು."

ದೂರದಲ್ಲಿ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿದ್ದವು. ಅವು ಯಾವ ಕಡೆ ಮುಖ ಮಾಡಿವೆ ನೋಡಿ, ಗಾಳಿ ಬೆನ್ನಿಗೆ ಬರುವಂತೆ ಅವಳನ್ನು ನಿಲ್ಲಿಸಿದ. ಇದ್ದಿಲು ಕೆಂಪಗಾಯಿತು. ಅವಳು ಬದನೆಕಾಯಿ ಎತ್ತಿಕೊಂಡಳು.

"ಈಗ ಬ್ಯಾಡ್ರಿ. ಕೆಂಪಗಿದ್ದಾಗ ಅದಕ್ಕ ಸಿಟ್ಟು. ಮ್ಯಾಲ ತೆಳ್ಳಗ ಬೂದಿ ಬರಲಿ. ಅಂಗೈ ಹಿಡಿದು ನೋಡ್ರಿ, ನಿಮ್ಮ ಹೆಸರು, ನಿಮ್ಮ ಊರ ಹೆಸರು ಹೇಳೋ ತನಕ ತಡದ್ರ ಕಾವು ಹದ."

ಅನಿತಾ ಅಂಗೈ ಹಿಡಿದಳು. ಹೆಸರು ಹೇಳಿದಳು, ಊರು ಹೇಳಿದಳು. ಕೈ ತೆಗೆಯಲಿಲ್ಲ. ಕಾವು ಎಲ್ಲೋ ದೂರದಲ್ಲಿ, ಇನ್ನಾರದೋ ಚರ್ಮಕ್ಕೆ ತಾಗುತ್ತಿರುವಂತಿತ್ತು...

"ವೈನೀ." ಅವನು ಮಣಿಕಟ್ಟು ಹಿಡಿದು ಎಳೆದ. ಅಂಗೈ ಕೆಂಪಗೆ ಕನಲಿತ್ತು. "ಉರಿಯಂಗಿಲ್ಲೇನ್ರಿ ನಿಮಗ?"

"ಇಲ್ಲ."

ಅವನು ತಂಬಿಗೆಯ ತಣ್ಣೀರನ್ನು ಅವಳ ಕೈಮೇಲೆ ಸುರಿಯುತ್ತ ನಿಂತ. ನೀರು ಮುಗಿಯುವವರೆಗೂ ಬಿಡಲಿಲ್ಲ.

"ಸುಡೋದು ಕಲಿಯಾಕ ಬಂದಾಕಿ ತನ್ನ ಕೈ ಸುಟ್ಕೊಂಡಳು," ಬೆನ್ನು ತಿರುಗಿಸಿಯೇ ಅಡಿವೆವ್ವ ಹೇಳಿದಳು. "ಎಂ.ಎ. ಅಂತ."

ಬದನೆಕಾಯಿ ಸಿಗಡಿಯ ಕಂಬಿ ಜಾಳಿಗೆಯ ಮೇಲೆ ಸೀಟಿ ಹೊಡೆಯತೊಡಗಿತು. ಅನಿತಾ ಅದನ್ನು ಮತ್ತೆ ಮತ್ತೆ ತಿರುಗಿಸಲು ಹೋದಳು, ಸಿಪ್ಪೆ ಅಂಟಿಕೊಂಡು ಹರಿಯಿತು.

"ಅದರ ಪಾಡಿಗೆ ಅದನ್ನ ಬಿಡ್ರಿ. ಬೆಂದ ಮ್ಯಾಲ ತಾನ ಜಾಳಿಗಿ ಬಿಡ್ತೈತಿ. ಬಿಡಲಿಲ್ಲಂದ್ರ ಇನ್ನೂ ಹೊತ್ತು ಬೇಕಂತ. ಗೋವಾದಾಗ ಒಬ್ಬ ಬಿಳೀ ದೊರಿ ತಾನ ಸುಡ್ತೀನಿ ಅಂತ ಬರ್ತಿದ್ದ, ಒಂದು ಮೀನನ್ನ ಎಷ್ಟು ಸಲ ಹೊಳ್ಳಸ್ತಿದ್ದ ಅಂದ್ರ ಕಡೀಕ ಮುಳ್ಳಷ್ಟ ಪ್ಲೇಟಿಗೆ ಬೀಳ್ತಿತ್ತು. ಅದಕ್ಕೂ ಥ್ಯಾಂಕ್ಸ್ ಅಂತಿದ್ದ."

ಸಿಪ್ಪೆ ಸುಲಿದು, ಉಪ್ಪು, ಹಸಿ ಉಳ್ಳಾಗಡ್ಡಿ ಹಾಕಿ ಕಿವುಚಿ, ರೊಟ್ಟಿಯ ಮೇಲೆ ಇಟ್ಟುಕೊಟ್ಟ. ಅವಳು ಸುಮ್ಮನೆ ಬಾಯಿಗಿಟ್ಟಳು. ಹೊಗೆಯ ರುಚಿ ನಾಲಿಗೆ ಹಿಡಿಯಿತು.

"ಉಪ್ಪು ಕಡಿಮಿ ಆಗೈತಿ," ಎಂದಳು.

ಬದುವಿನ ಮೇಲೆ ಅಡಿವೆವ್ವನ ಕೈ ನಿಂತಿತು. ಸೊಸೆ ಊಟದ ಬಗ್ಗೆ ಮಾತಾಡಿ ಎಷ್ಟು ಕಾಲವಾಗಿತ್ತು.

* * *

ಭಾನುವಾರಗಳು ಕಳೆದವು. ಗೊಂಜಾಳ ಎನ್ನುವ ಮೆಕ್ಕೆಜೋಳದ ತೆನೆ, ಉಳ್ಳಾಗಡ್ಡಿ, ದಪ್ಪ ಮೆಣಸಿನಕಾಯಿ... ಅನಿತಾ ಒಂದೊಂದನ್ನೇ ಕಲಿತಳು. ಯಾವ ಭಾನುವಾರದಿಂದ ಗುಡ್ಡದ ರಸ್ತೆಯ ಬೈಕಿನ ಸದ್ದಿಗೆ ಕಿವಿಗೊಡತೊಡಗಿದಳೋ ಅವಳಿಗೇ ತಿಳಿಯದು.

ಗಂಡನ ಕಡೆಯ ಮಾತನ್ನು ಬಚ್ಚಿಟ್ಟುಕೊಂಡವನ ಹಾದಿ ಕಾಯುತ್ತಿದ್ದೇನೆಯೇ ನಾನು?

ಊರೂ ಗಮನಿಸುತ್ತಿತ್ತು. ನೀರಿನ ನಳದ ಹತ್ತಿರ ಪಕ್ಕದ ಮನೆಯ ಮಾನವ್ವ, ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದಳು: "ಗಂಡನ್ನ ಸುಟ್ಟ ಬೂದಿ ಆರಿಲ್ಲ, ಬದನಿಕಾಯಿ ಸುಡಾಕತ್ಯಾಳ ನೋಡವಾ."

ಮುಂದಿನ ಭಾನುವಾರ ಅನಿತಾ ಅವನನ್ನು ಮತ್ತೆ ಕೇಳಿದಳು. "ಅವತ್ತು ಅವರು ಏನಂದ್ರು?"

ಅವನ ಕೈಯ ಇಕ್ಕಳ ಅಲ್ಲೇ ನಿಂತಿತು. ಅದೇ ಬಿಳಿಚಿದ ಮುಖ.

"ಏನಿಲ್ರಿ ವೈನಿ."

"ನನ್ನ ಕಣ್ಣು ನೋಡಿ ಹೇಳ್ರಿ."

ಅವನು ನೋಡಲಿಲ್ಲ. ಅವಳ ಎದೆಯಲ್ಲಿ ಏನೋ ಮುಚ್ಚಿಕೊಂಡಿತು. ಹಾಗಾದರೆ ಖರೆ... ಸಾಯುತ್ತೇನೆ ಎಂದೇ ಹೇಳಿರಬೇಕು ಇವನಿಗೆ.

"ಇನ್ನ ಮ್ಯಾಲ ಬರಬ್ಯಾಡ್ರಿ."

"ಸಿಗಡಿ..."

"ಕಳಿಸಿ ಕೊಡ್ತೀನಿ."

ಅವನು ಹೋದ. ಬೈಕಿನ ಸದ್ದು ಗುಡ್ಡದ ತಿರುವಿನವರೆಗೂ ಕೇಳಿಸಿತು. ಆಮೇಲೆ ಬಯಲಿನ ಗಾಳಿ ಮಾತ್ರ.

ಸಿಗಡಿಯನ್ನು ಅವಳು ಕಳಿಸಲಿಲ್ಲ.

* * *

ಬೇಸಿಗೆ ಕಡೆಯಾಗುತ್ತ ಬಂದಿತ್ತು. ಎರೆಹೊಲ ಅಂಗೈಯಗಲ ಬಿರುಕು ಬಿಟ್ಟಿತ್ತು. ಒಂದು ಮಧ್ಯಾಹ್ನ ಅತ್ತೆಯ ಜೊತೆ ಹೊಲಕ್ಕೆ ಬಂದ ಅನಿತಾ, ತಾನೊಬ್ಬಳೇ ಸಿಗಡಿ ಹೊತ್ತಿಸಿ ಅತ್ತೆಗೆ ತೆನೆ ಸುಟ್ಟುಕೊಟ್ಟಳು. ಅಡಿವೆವ್ವ ಈ ಸಲ ಬೆನ್ನು ತಿರುಗಿಸದೆ ಕೂತು ತಿಂದಳು. ತಿಂದು, ದೂರ ಮೇಯುತ್ತಿದ್ದ ಆಡು ಹೊಡೆದುಕೊಂಡು ಬರಲು ಹೋದಳು.

ಕೆಂಡ ಇನ್ನೂ ಚೆನ್ನಾಗಿತ್ತು. ಸಂಜೆ ಚಹಾಕ್ಕೆ ಆದೀತು ಎಂದು ಅನಿತಾ ಹಳೆಯ ಬೂದಿಯನ್ನು ಬೊಗಸೆಯಲ್ಲಿ ತಂದು ಅದರ ಮೇಲೆ ಹರವಿ, ಮೆಲ್ಲಗೆ ತಟ್ಟಿದಳು. ಪುರ್ತಗೇರಿಯ ತವರಿನಲ್ಲಿ ಅವ್ವ ದಿನಾ ಮಾಡುತ್ತಿದ್ದುದು ಹೀಗೆಯೇ. ಕೆಂಡ ಉಳಿಸಿಕೊಳ್ಳುವ ಈ ರೀತಿ ಕೈಗೇ ಗೊತ್ತಿತ್ತು, ಯೋಚಿಸಬೇಕಿರಲಿಲ್ಲ.

ಆಗ ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ನಿಂತಿತು. ಗುಡ್ಡದ ರೆಕ್ಕೆಗಳೂ ನಿಂತವು.

ಮೊದಲ ಆಣೆಕಲ್ಲು ಶೆಡ್ಡಿನ ತಗಡಿನ ಮೇಲೆ ಗುಂಡಿನ ಹಾಗೆ ಬಿತ್ತು. ಆಮೇಲೆ ಆಕಾಶವೇ ಸುರಿಯಿತು.

ಸಿಗಡಿ ತೋಯುತ್ತದೆ... ಕಡ ತಂದ ವಸ್ತು. ಅನಿತಾ ಅಂಗೈ ಹಿಡಿದು ನೋಡಿದಳು. ಬೂದಿಯ ಮೇಲೆ ಕಾವು ತಾಗಲಿಲ್ಲ. ಬೆಂಕಿ ಇಲ್ಲ, ಹೊಗೆ ಇಲ್ಲ. ತವರಿನ ಒಲೆಯಲ್ಲಿ ಹೀಗೆ ಮುಚ್ಚಿದ ಕೆಂಡ ಯಾರಿಗೂ ಏನೂ ಮಾಡಿರಲಿಲ್ಲ. ಸೆರಗಿನಿಂದ ಹಿಡಿಕೆ ಹಿಡಿದು ಒಳಗೆ ಎಳೆದುಕೊಂಡಳು. ಕಲ್ಲು ಒಳಗೆ ಸಿಡಿಯುತ್ತಿದ್ದವು, ಬಾಗಿಲು ಎಳೆದು ಚಿಲಕ ಹಾಕಿದಳು. ತಗಡಿನ ಸಂದಿಗಳಲ್ಲಿ ದ್ಯಾಮೇಶ ಮಳೆಗಾಳಿ ತಡೆಯಲೆಂದು ತುರುಕಿದ್ದ ಗೋಣಿಚೀಲಗಳು ಇನ್ನೂ ಹಾಗೇ ಇದ್ದವು.

ಗೋಡೆಗೆ ಒರಗಿ ಕೂತಳು. ತಲೆ ಸಿಡಿಯಿತು. ಆಣೆಕಲ್ಲಿನ ಸದ್ದಿಗೆ ಇರಬೇಕು. ಆಮೇಲೆ ಸದ್ದು ದೂರವಾಯಿತು. ಕಣ್ಣು ಭಾರವಾದವು. ಎಷ್ಟು ತಿಂಗಳಾಗಿತ್ತು ಇಂಥ ನಿದ್ದೆ ಬಂದು... ಎಷ್ಟು ಮೆತ್ತಗೆ...

ನಿದ್ದಿ ಬರ್ತೈತಿ, ಅಷ್ಟ.

ಡಾಕ್ಟರ ಮಾತು ಎಲ್ಲಿಂದಲೋ ತೇಲಿ ಬಂತು. ಅವಳು ಸಿಗಡಿಯ ಕಡೆ ನೋಡಿದಳು. ಬೂದಿಯ ಹೊದಿಕೆ ಕದಲದೆ ಮಲಗಿತ್ತು. ಏಳಬೇಕು ಎಂದುಕೊಂಡಳು. ಕಾಲು ಕೇಳಲಿಲ್ಲ. ಚಿಲಕ ಕೈಗೆಟಕುವಷ್ಟು ಹತ್ತಿರ ಇತ್ತು. ಕೈ ಎತ್ತಿದಳು. ಅದು ತೊಡೆಯ ಮೇಲೇ ಉಳಿದಿತ್ತು.

ನಿಮಗೂ ಹೀಗೇ ಆಯಿತೇನ್ರಿ...?

"ಅನಿತಾ. ಏ ಅನಿತಾ, ಬಾಗಲಾ ತಗಿ. ಒಳಗ ಏನ್ ಮಾಡಾಕತ್ತೀ?"

ಬಾಗಿಲು ಅಲುಗಿತು. ಮತ್ತೆ ಅಲುಗಿತು. ಆಮೇಲೆ ಅಡಿವೆವ್ವ ಹೊರಗೆ ಬಿದ್ದಿದ್ದ ಗುದ್ದಲಿ ಎತ್ತಿ ಚಿಲಕದ ನೇರಕ್ಕೆ ಬಾಗಿಲಿನ ಮೇಲೆ ಹೊಡೆದಳು. ಹೊಡೆಯುತ್ತಲೇ ಇದ್ದಳು. ಒಬ್ಬನನ್ನು ಇದೇ ಬಾಗಿಲಿನಿಂದ ಹೊತ್ತು ತೆಗೆದಿದ್ದ ಮುದುಕಿ.

* * *

ಅನಿತಾ ಕಣ್ಣು ಬಿಟ್ಟಾಗ ಕೆಸರಿನಲ್ಲಿ ಬಿದ್ದಿದ್ದಳು. ಕಲ್ಲು ನಿಂತು ಬರೀ ಮಳೆ ಸುರಿಯುತ್ತಿತ್ತು. ವಾಂತಿಯಾಯಿತು. ಅಡಿವೆವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನಲ್ಲಿ ಕೂಗುತ್ತಿದ್ದಳು. "ನೀನ ಬಾ. ಲಗೂ ಬಾ. ನಿನ್ನ ಸಿಗಡಿ ಇಕೀನ್ನೂ ಒಯ್ತಿತ್ತು."

ಫೋನಿಟ್ಟು ಸೊಸೆಯ ಕೆನ್ನೆ ಹಿಡಿದಳು. "ಹುಚ್ಚಿ, ನೀನೂ ಸಾಯಬೇಕಂತ ಮಾಡಿದ್ದೇನು?"

ನೀನೂ. ಅನಿತಾ ಅತ್ತೆಯ ಮುಖ ನೋಡಿದಳು. ಅಂದರೆ ಇವಳೂ... ಇಷ್ಟು ತಿಂಗಳು ಒಂದೇ ಸೂರಿನ ಕೆಳಗೆ ಇಬ್ಬರೂ ಅದೇ ಪ್ರಶ್ನೆ ಹೊತ್ತು ರೊಟ್ಟಿ ತಿಂದಿದ್ದರು.

"ಇಲ್ಲತ್ತಿ. ಬೆಂಕಿ ಇಲ್ಲ ಅನ್ಕೊಂಡೆ. ಕೆಂಡ ಮಲಗಸಿದ್ದೆ."

"ಏನಂದಿ?"

"ಮಲಗಸಿದ್ದೆ. ಬೂದಿ ಹೊಚ್ಚಿ. ನಮ್ಮವ್ವ ಹಂಗ ಅಂತಾಳ."

ಅಡಿವೆವ್ವನ ಮನೆಯಲ್ಲಿ ಕೆಂಡಕ್ಕೆ ನೀರು ಹೊಡೆಯುವುದೇ ರೂಢಿ. ಆ ಮಾತು ಅವಳ ಬಾಯಿಯದಲ್ಲ. ಆದರೆ ಅವಳು ಅದನ್ನು ಒಮ್ಮೆ ಕೇಳಿದ್ದಳು.

"ಅವತ್ತ ಸಂಜಿ..." ಮುದುಕಿ ಶೆಡ್ಡಿನ ಕಡೆ ನೋಡಿದಳು. "ನಿನ್ನ ಕೂಡ ಫೋನ್ ಮಾತಾಡಿ ಆದ ಮ್ಯಾಲ, ಒಲೀ ಬೂದಿ ಒಂದು ಡಬ್ಬಿ ತುಂಬಕೊಂಡು ಹೊಲಕ್ಕ ಹೊಂಟಿದ್ದ. ಬೂದಿ ಯಾಕೋ ಅಂದ್ರ ನಕ್ಕ. 'ನಿನ್ನ ಸೊಸಿ ಕಲಿಸ್ಯಾಳವ್ವಾ, ಕೆಂಡ ಮಲಗಸಬೇಕು, ಮುಂಜಾನಿ ಎಬ್ಬಸಬೇಕು' ಅಂದ. ನಂಗ ತಿಳೀಲಿಲ್ಲ. ಏನೋ ಚ್ಯಾಷ್ಟಿ ಮಾಡಾಕತ್ತಾನ ಅನ್ಕೊಂಡೆ."

ಮುಂಜಾನೆ ಎಬ್ಬಿಸಬೇಕು.

ಅನಿತಾ ಆ ಮಾತನ್ನು ಎದೆಗೆ ಇಳಿಸಿಕೊಂಡಳು. ಸಾಯಲು ಹೋದವನು ನಾಳೆಗೆ ಬೆಂಕಿ ಕಾಪಿಡುವುದಿಲ್ಲ. ಅವಳಂತೆಯೇ ಅವನೂ ಬೂದಿ ನೋಡಿ ನಂಬಿದ್ದ. ಅವಳು ಕಲಿಸಿದ್ದನ್ನೇ ನಂಬಿದ್ದ... ಅಳು ಬಂತು. ಅಷ್ಟು ತಿಂಗಳ ಅಳು. ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಮಳೆಯಲ್ಲಿ ಅತ್ತರು.

ಬೈಕು ಬಂದು ಬಿದ್ದ ಸದ್ದಾಯಿತು. "ಅನಿತಾ..." ಎನ್ನುತ್ತ ಪ್ರಬುದ್ಧ ಕೆಸರಿನಲ್ಲಿ ಓಡಿ ಬಂದ. ವೈನಿ ಎನ್ನಲಿಲ್ಲ. ಅವಳು ಎದ್ದು ಕೂತಿರುವುದು ಕಂಡು ಎದುರಿಗೆ ಕೂತ.

"ಈಗರ ಹೇಳ್ರಿ," ಎಂದಳು ಅನಿತಾ. "ಏನು ಮುಚ್ಚಿಟ್ಟೀರಿ?"

"ಅವ ಅಂದದ್ದು... ಇವತ್ತ ಒಂದೀಟು ಸುಟ್ಟು ನೋಡ್ತೀನಿ, ನಾಳಿ ನರಗುಂದಕ್ಕ ಹೋಗಿ ಆಕಿನ್ನ ಕರ್ಕೊಂಡು ಬರ್ತೀನಿ, ಬಂದ ಕೂಡ್ಲೇ ಬಿಸಿಬಿಸಿ ಸುಟ್ಟು ತಿನ್ನಸ್ತೀನಿ ಅಂತ. ಅದನ್ನ ನಿಮಗ ಹೇಳಿದ್ರ ಇನ್ನೂ ನೋವು ಆಗ್ತೈತಿ ಅನ್ಕೊಂಡೆ."

"ಮತ್ತ?"

ಅವನು ನೆಲ ನೋಡಿದ. "ಮತ್ತ ನಾ ಅಂದದ್ದು. ಮೋಡ ಆಗೈತಿ, ಹೊರಗ ಬಿಟ್ರ ತುಕ್ಕು ಹಿಡೀತೈತಿ, ಕೆಲಸ ಆದ ಮ್ಯಾಲ ಒಳಗ ಇಟ್ಕೊ ಅಂದೆ. ಹೂಂ ಅಂದ. ನನ್ನ ಮಾತು ಕೇಳಿ ಒಳಗ ಇಟ್ಕೊಂಡ. ನಿಮ್ಮ ಮುಂದ ನಿಂತಾಗೆಲ್ಲ ಆ ಮಾತು ಗಂಟಲಾಗ ಸಿಗತಿತ್ತು. ಹೇಳಿದ ದಿನ ನೀವು ನನ್ನ ಮುಖ ನೋಡಂಗಿಲ್ಲ ಅಂತ ಗೊತ್ತಿತ್ತು."

ಅನಿತಾ ಅವನ ಕಡೆ ತಿರುಗಿದಳು. ಮಳೆ ಅವಳ ಮುಖದ ಮೇಲಿನ ಕೆಸರನ್ನು ತೊಳೆಯುತ್ತಿತ್ತು.

"ನೋಡಾಕತ್ತೀನಲ್ಲ," ಎಂದಳು.

* * *

ಸಾವಿನ ದಿನದಿಂದ ಅವಳು ಹೋಗದೇ ಇದ್ದ ಕಾಲೇಜು ಮತ್ತೆ ಶುರುವಾಗುವ ದಿನ ಹತ್ತಿರ ಬಂತು. ನರಗುಂದಕ್ಕೆ ಹೋಗು ಎಂದವಳು ಅಡಿವೆವ್ವನೇ. ಬುತ್ತಿ ಕಟ್ಟುತ್ತ, ಮುಖ ನೋಡದೆ ಹೇಳಿದಳು: "ನಮ್ಮ ಮಂದ್ಯಾಗ ಉಡಿಕಿ ಮಾಡ್ತಾರ. ಗಂಡ ಹೋದಾಕಿ ಮತ್ತೊಂದು ಮನಿ ಮಾಡಿದ್ರ ಯಾರೂ ಬಾಯಿ ಹಾಕಂಗಿಲ್ಲ."

"ಮಾನವ್ವ ಹಾಕ್ತಾಳ."

"ಆಕಿ ಬಾಯಿಗೆ ನನ್ನ ರೊಟ್ಟಿ ತುರಕತೀನಿ. ನೀ ಹೋಗ."

ಅನಿತಾ ಮೊದಲು ಗಜೇಂದ್ರಗಡದ ಬಸ್ಸು ಹತ್ತಿದಳು, ಸಿಗಡಿಯನ್ನು ಸೀಟಿನ ಕೆಳಗೆ ಇಟ್ಟುಕೊಂಡು. ಪ್ರಬುದ್ಧನ ಮನೆ ತಲುಪುವ ಹೊತ್ತಿಗೆ ಹನಿ ಶುರುವಾಗಿತ್ತು. ಒಳಗೆ ಅವನ ತಾಯಿ ಹನುಮವ್ವನ ಮಗ್ಗದ ಸದ್ದು ಒಂದೇ ಸಮನೆ ನಡೆದಿತ್ತು. ಅವನು ಹೊಸ್ತಿಲಿಗೆ ಬಂದವನು ಅಲ್ಲೇ ನಿಂತ.

"ದ್ಯಾಮೇಶ ನಿಮ್ಮ ಕಡೆ ಕಡ ತಂದದ್ದು," ಎಂದಳು. "ವಾಪಸ್ ಕೊಡಾಕ ಬಂದೀನಿ."

"ಇದು ಬಂತು ಅಂದ್ರ ನಿಮ್ಮನ್ನ ನೋಡಾಕ ಬರಾಕ ನಂಗ ನೆವ ಇರಂಗಿಲ್ಲ."

"ನೆವ ಇಲ್ಲದ ಬರ್ರಿ. ನರಗುಂದ ಏನು ದೂರ ಐತಿ?"

ಅವನು ಬಾಗಿಲ ಚೌಕಟ್ಟು ಹಿಡಿದ. "ಬಂದ್ರ... ಹೊಳ್ಳಿ ಬರಾಕ ಮನಸಾಗಂಗಿಲ್ಲ ನಂಗ. ಮೊದಲ ಹೇಳಿಬಿಡ್ತೀನಿ. ನಿಮ್ಮನ್ನ ಬಿಟ್ಟು ಇರಾಕ ಆಗವಲ್ದು, ಅನಿತಾ."

ಮಗ್ಗದ ಸದ್ದು ನಿಂತಿತು. ಒಳಗೆ ಹನುಮವ್ವ ಕಿವಿಗೊಟ್ಟು ಕೇಳುತ್ತಿದ್ದಳು.

"ನಂಗ ಇನ್ನೂ ಅಂಜಿಕಿ ಐತಿ," ಎಂದಳು ಅನಿತಾ. "ನಿದ್ದಿ ಬಂದ್ರ ಅಂಜಿಕಿ, ಬೂದಿ ಕಂಡ್ರ ಅಂಜಿಕಿ. ಸಾವಕಾಶ ಆಗ್ತೈತಿ."

"ಆಗಲಿ. ನಾ ಎಲ್ಲಿಗೂ ಹೋಗಂಗಿಲ್ಲ."

ಅವನು ಸಿಗಡಿಗೆ ಕೈ ಚಾಚಿದ. ಅವಳು ತಲೆಯಾಡಿಸಿ, ತಾನೇ ಅದನ್ನು ಅಂಗಳದ ನಡುವೆ, ಬಯಲಿನಲ್ಲಿ ಇಳಿಸಿ ಇಟ್ಟಳು. ಹನಿಗಳು ಕಬ್ಬಿಣದ ಮೇಲೆ ಟಪಟಪ ಬೀಳತೊಡಗಿದವು.

"ತುಕ್ಕು ಹಿಡೀತೈತಿ," ಎಂದ ಅವನು ಮೆಲ್ಲಗೆ.

"ಹಿಡೀಲಿ."

ಅವನು ಅದನ್ನು ಮುಟ್ಟಲಿಲ್ಲ. ಮಳೆ ಜೋರಾಯಿತು.

"ಒಳಗ ಬರ್ರಿ, ತೋಯಸ್ಕೊಂತೀರಿ."

"ಬರ್ತೀನಿ. ಆದ್ರ ಬಾಗಲಾ ಹಾಕಬಾರದು."

"ಹಾಕಂಗಿಲ್ಲ," ಎಂದ ಪ್ರಬುದ್ಧ, ಬಾಗಿಲಿನ ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತೆರೆಯುತ್ತ. "ಯಾವತ್ತೂ ಹಾಕಂಗಿಲ್ಲ."